ಡಿಎಲ್‌ಪಿ ಟಿವಿಯಲ್ಲಿ ಬಿಳಿ ಚುಕ್ಕಿ: ಹೊಸ ಚಿಪ್ ಕೂರಿಸುವ ಮುಂಚೆ ಹೀಟ್ ಸಿಂಕ್ ತಿರುಗಿಸಿ ನೋಡಿ

ಫೀನಿಕ್ಸ್‌ನಿಂದ 65 ಇಂಚಿನ ಡಿಎಲ್‌ಪಿ ಟಿವಿಯ (ಲ್ಯಾಂಪ್ ಬೆಳಕನ್ನು ಚಿಪ್ ಮೇಲಿನ ಸಣ್ಣ ಕನ್ನಡಿಗಳಿಂದ ಪರದೆಗೆ ಹಾಯಿಸುವ ಹಳೇ ಪ್ರೊಜೆಕ್ಷನ್ ಟಿವಿ) ಫೋಟೋ ಹಾಕಿದ್ದೀರಲ್ಲ ಅಣ್ಣಾ, ಪರದೆ ತುಂಬಾ ಬಿಳಿ ಚುಕ್ಕಿ, ಹೊಸ ಲ್ಯಾಂಪ್ ಹಾಕಿದರೂ ಹೋಗಲಿಲ್ಲ, ಈಗ ಚಿಪ್ ಆರ್ಡರ್ ಮಾಡಿದ್ದೇನೆ ಅಂತ. ಓದಿ ಸುಮ್ನೆ ಇರಲು ಆಗಲಿಲ್ಲ. ನಾನೂ ಇದೇ ದಾರಿಯಲ್ಲಿ ಹೋಗಿ ದುಡ್ಡು ಕಳೆದುಕೊಂಡವನು.

ಲ್ಯಾಂಪ್ ಸವೆದರೆ ಚಿತ್ರ ಮಂಕಾಗುತ್ತದೆ, ಚುಕ್ಕಿ ಬರುವುದಿಲ್ಲ. ಮೆನು ತೆರೆದಾಗಲೂ ಚುಕ್ಕಿಗಳು ಅದೇ ಜಾಗದಲ್ಲಿದ್ದರೆ ಡಿಎಂಡಿಯ, ಅಂದರೆ ಆ ಚಿಪ್‌ನ, ಸಣ್ಣ ಕನ್ನಡಿಗಳು ಅಂಟಿಕೊಂಡಿವೆ. ಹಾಗಾಗಿ ಚಿಪ್ ತರಿಸಿದ್ದು ಸರಿ. ಹಳೇ ಚಿಪ್ ಯಾಕೆ ಸತ್ತಿತು ಅಂತ ನೋಡದೆ ಹೊಸದನ್ನು ಕೂರಿಸಬೇಡಿ, ಅಷ್ಟೇ.

ನನ್ನ ಟಿವಿಗೆ ಅಂಗಡಿಯವರು ಇಡೀ ಲೈಟ್ ಎಂಜಿನ್ (ಚಿಪ್, ಲೆನ್ಸ್ ಎಲ್ಲಾ ಸೇರಿದ ಭಾಗ) ಬದಲಿಸಬೇಕು, 900 ಡಾಲರ್ ಅಂದರು. ಅಷ್ಟಕ್ಕೆ ಹೊಸ ಟಿವಿಯೇ ಬರುತ್ತಿತ್ತು. 110 ಡಾಲರ್‌ಗೆ ಚಿಪ್ ತರಿಸಿ ನಾನೇ ಹಾಕಿದೆ. ಸಾಕೆಟ್‌ನಲ್ಲಿ ಕೂರುವ ಚಿಪ್, ಬೆಸುಗೆ ಇಲ್ಲ, ಒಂದು ಮಧ್ಯಾಹ್ನದ ಕೆಲಸ. ಚಿತ್ರ ಲಕಲಕ ಅಂತ ಬಂತು. ಐದನೇ ತಿಂಗಳಿಗೆ ಬಲಗಡೆ ಮೂಲೆಯಲ್ಲಿ ಒಂದು ಚುಕ್ಕಿ. ವಾರದೊಳಗೆ ಆರು. ಮತ್ತೆ ಬಿಚ್ಚಿ ಚಿಪ್‌ನ ಬಿಸಿ ಹೀರುವ ಲೋಹದ ಹೀಟ್ ಸಿಂಕ್ ತಿರುಗಿಸಿ ನೋಡಿದರೆ, ಬಿಸಿ ದಾಟಿಸಲು ನಡುವೆ ಹಚ್ಚಿದ್ದ ಹಳೇ ಪೇಸ್ಟ್ ಒಣಗಿದ ಸುಣ್ಣದ ಹಾಗಿತ್ತು. ಉಗುರು ತಾಗಿಸಿದರೆ ಪುಡಿ ಉದುರಿತು. ಚಿಪ್ ಬೆನ್ನಿನ ಗುರುತು ಅದರ ಮೇಲೆ ಅರ್ಧ ಮಾತ್ರ ಮೂಡಿತ್ತು. ಉಳಿದರ್ಧ ಹೀಟ್ ಸಿಂಕ್‌ಗೆ ತಾಗಿಯೇ ಇರಲಿಲ್ಲ! ಫ್ಯಾನ್ ಬಾಯಿಗೆ ಧೂಳು ಹಳೇ ದಿಂಬಿನ ಹತ್ತಿಯಂತೆ ಗಂಟು ಕಟ್ಟಿತ್ತು. ಮೊದಲ ಸಲವೇ ಎರಡನ್ನೂ ಕಂಡಿದ್ದೆ, ಕೈ ಹಾಕಿರಲಿಲ್ಲ. ಮತ್ತೆ 110 ಡಾಲರ್ ಹೋಯಿತು.

ಎರಡನೇ ಸಲ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಚಿಪ್ ಬೆನ್ನು, ಹೀಟ್ ಸಿಂಕ್ ಎರಡರ ಮೈಯನ್ನೂ ಹೊಳೆಯುವವರೆಗೆ ಒರೆಸಿದೆ. ನಡುವೆ ಅಕ್ಕಿಕಾಳಿನಷ್ಟು ಪೇಸ್ಟ್ ಇಟ್ಟೆ. ಸ್ಕ್ರೂಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಂದು ಕಡೆ ಪೂರ್ತಿ ಬಿಗಿ ಮಾಡಿದರೆ ಹೀಟ್ ಸಿಂಕ್ ಓರೆಯಾಗಿ ಕೂರುತ್ತದೆ, ಮತ್ತೆ ಅದೇ ಕಥೆ. ಆಮೇಲೆ ಮೂರು ವರ್ಷ ಒಂದು ಚುಕ್ಕಿಯೂ ಬರಲಿಲ್ಲ. ನಾನು ಹಾಕಿದ್ದು ಆರ್ಕ್ಟಿಕ್ ಎಂಎಕ್ಸ್-4, ಅದು ಕರೆಂಟ್ ಹಾಯಿಸುವುದಿಲ್ಲ. ಬೆಳ್ಳಿ ಪುಡಿ ಇರುವ ಪೇಸ್ಟ್ ಇಲ್ಲಿ ಬೇಡವೇ ಬೇಡ. ಚಿಪ್ ಗಾಜಿಗೆ ಬೆರಳು ತಾಗಿಸಬೇಡಿ. ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ, ನಿಮ್ಮೂರಿನ ಒಣ ಹವೆಗಂತೂ ಕಡ್ಡಾಯ. ಧೂಳು ಊದುವಾಗ ಫ್ಯಾನ್ ರೆಕ್ಕೆ ಹಿಡಿದುಕೊಳ್ಳಿ. ಕಲರ್ ವೀಲ್ ಕಡೆಗೆ ಮಾತ್ರ ಗಾಳಿ ಊದಬೇಡಿ, ಅದು ಬಣ್ಣ ಕೊಡಲು ತಿರುಗುವ ತೆಳ್ಳಗಿನ ಗಾಜು.

ಇನ್ನು ಬೈಯಲೇಬೇಕಾದ ವಿಷಯ. ಫೋಟೋದಲ್ಲಿ ಟಿವಿಯನ್ನು ಗೋಡೆಯ ಗೂಡಿನೊಳಗೆ ತುರುಕಿದ್ದೀರಿ. ಹೊರಗೆ 43 ಡಿಗ್ರಿ ದಾಟುವ ಊರು, ಒಳಗೆ ಬಿಸಿಗಾಳಿ ಹೋಗಲು ದಾರಿಯೇ ಇಲ್ಲ! ಮೊದಲು ಅದನ್ನು ಹೊರಗೆ ಎಳೆಯಿರಿ. ಹಿಂದೆ ಒಂದು ಗೇಣಾದರೂ ಜಾಗ ಬೇಕು. ಆಫ್ ಮಾಡಿದ ತಕ್ಷಣ ಪ್ಲಗ್ ಕೀಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಫ್ಯಾನ್ ತಾನಾಗಿ ನಿಲ್ಲಲಿ.

ಲ್ಯಾಂಪ್ ವಿಷಯದಲ್ಲಿ ಅಗ್ಗದ ಹೆಸರಿಲ್ಲದ್ದನ್ನು ನಂಬಬೇಡಿ. ಒಳಗಿನ ಬಲ್ಬ್ ಫಿಲಿಪ್ಸ್ ಅಥವಾ ಓಸ್ರಾಮ್ ಆಗಿರಲಿ. ಕೊನೆಯವರೆಗೆ ಡಿಎಲ್‌ಪಿ ಟಿವಿ ಮಾಡುತ್ತಿದ್ದ ಮಿತ್ಸುಬಿಷಿಯೂ 2012ರ ಕೊನೆಗೆ ಕೈಬಿಟ್ಟಿತು. ಈಗ ಸಿಗುವ ಚಿಪ್ ಎಲ್ಲಿಂದ ಬಂತು ಅಂತ ವಿಚಾರಿಸಿ. ವಾಪಸ್ ತೆಗೆದುಕೊಳ್ಳದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಕೆಳಗೆ ಇನ್ನೊಬ್ಬರು ಕೇಳಿದ್ದಾರೆ, ಅವರದ್ದು ಎಲ್‌ಸಿಡಿ ಪ್ರೊಜೆಕ್ಷನ್, ಹಳದಿ ಕಲೆ ಬಂದಿದೆ. ಅಲ್ಲಿ ಸುಟ್ಟಿರುವುದು ಸಾಮಾನ್ಯವಾಗಿ ಆಪ್ಟಿಕಲ್ ಬ್ಲಾಕ್ (ಚಿತ್ರ ಮೂಡಿಸುವ ಭಾಗ) ಒಳಗಿನ ಪೋಲರೈಸರ್, ಬೆಳಕು ಸೋಸುವ ಹಾಳೆ. ಬ್ಲಾಕ್ ಬೆಲೆಗೆ ಹೊಸ ಟಿವಿ ಬರುತ್ತದೆ, ಅದರ ಆಸೆ ಬಿಡಿ. ಹಳೇ ಮೂರು ಟ್ಯೂಬಿನ ಟಿವಿಯಲ್ಲಿ ಕೆಂಪು, ಹಸಿರು, ನೀಲಿ ಗೆರೆ ಬೇರೆಬೇರೆಯಾದರೆ ಮೂರು ಬಣ್ಣವನ್ನು ಒಂದೇ ಕಡೆ ಸೇರಿಸುವ ಕನ್ವರ್ಜೆನ್ಸ್ ಐಸಿ ನೋಡಿ, ಎಸ್‌ಟಿಕೆ392-110 ಥರದ್ದು. ಜೋಡಿಯಾಗಿಯೇ ಬದಲಿಸಿ, ಪಕ್ಕದ ಸಣ್ಣ ರೆಸಿಸ್ಟರ್‌ಗಳನ್ನೂ ಅಳೆಯಿರಿ. ಟಿವಿ ಬಿಸಾಡುವುದಾದರೆ ಪರದೆಯ ಫ್ರೆನೆಲ್ ಹಾಳೆಯನ್ನು (ದೊಡ್ಡ ಲೆನ್ಸ್‌ನಂತೆ ಕೆಲಸ ಮಾಡುವ ಹಾಳೆ) ಬಿಸಿಲಿಗೆ ಇಡಬೇಡಿ, ಬಿಸಿಲು ಒಂದೇ ಕಡೆ ಸೇರಿ ಬೆಂಕಿ ಹೊತ್ತಿಕೊಳ್ಳುತ್ತದೆ. ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಸ್ತಿ ಜೋಪಾನ.

ಅಣ್ಣಾ, ಚಿಪ್ ಬಂದ ದಿನ ಮೊದಲು ಹೀಟ್ ಸಿಂಕ್ ಬಿಚ್ಚಿ ಹಳೇ ಪೇಸ್ಟಿನ ಫೋಟೋ ಇಲ್ಲಿ ಹಾಕಿ, ಒರೆಸುವ ಮುಂಚೆ. ಶನಿವಾರವಾದರೆ ವಿಡಿಯೋ ಕಾಲ್‌ಗೂ ಸಿಗುತ್ತೇನೆ.