ಉಪಗ್ರಹ ಇರುವಾಗ ಅಂಟಾರ್ಕ್ಟಿಕದಲ್ಲಿ ಕೂತು ಓಝೋನ್ ಅಳೆಯೋದು ಯಾಕೆ?

ಉಪಗ್ರಹ ಇದ್ದ ಮೇಲೂ ಆ ಚಳಿಯಲ್ಲಿ ದಶಕಗಟ್ಟಲೆ ಜನ ಕೂತು ಓಝೋನ್ ಅಳೆಯೋದು ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ದಂಡ ಅಲ್ಲ. ನಾನು ವಿಜ್ಞಾನಿ ಏನಲ್ಲ, ಬಾಗಲಕೋಟೆಯ ನವನಗರದಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುವವನು. ಆದರೆ ಬಿಸಿಲಿನ ಅತಿನೇರಳೆ ಕಿರಣವನ್ನು ಮೇಲೆಯೇ ತಡೆಯುವ ಓಝೋನನ್ನು ತಿಂದದ್ದು ನಮ್ಮ ಕಸುಬಿನ ಗ್ಯಾಸೇ. ಅದಕ್ಕೇ ಈ ವಿಷಯದ ಬೆನ್ನು ಹತ್ತಿ ಓದಿದ್ದೇನೆ.

1956ರಲ್ಲಿ ಬ್ರಿಟಿಷರು ಅಂಟಾರ್ಕ್ಟಿಕದ ಹ್ಯಾಲಿ ಬೇಯಲ್ಲಿ ಠಾಣೆ ಹಾಕಿದರು. ಅಲ್ಲಿ ಓಝೋನ್ ಅಳೆಯಲು ಡಾಬ್ಸನ್ ಅನ್ನುವ ಉಪಕರಣ ಇತ್ತು. ಬಿಸಿಲಿನ ಅತಿನೇರಳೆ ಕಿರಣದಲ್ಲಿ ಅದು ಎರಡು ಬಗೆ ಆರಿಸಿಕೊಳ್ಳುತ್ತದೆ. ಒಂದನ್ನು ಓಝೋನ್ ಚೆನ್ನಾಗಿ ಹೀರುತ್ತದೆ, ಇನ್ನೊಂದನ್ನು ಅಷ್ಟಾಗಿ ಹೀರುವುದಿಲ್ಲ. ಕೆಳಗೆ ಬಂದು ಮುಟ್ಟಿದ್ದರಲ್ಲಿ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿದರೆ ಮೇಲೆ ಓಝೋನ್ ಎಷ್ಟಿದೆ ಅಂತ ಲೆಕ್ಕ ಸಿಗುತ್ತದೆ. ಆ ಲೆಕ್ಕದ ಅಳತೆಗೆ ಡಾಬ್ಸನ್ ಯೂನಿಟ್ ಅಂತಾರೆ. 300 ಡಾಬ್ಸನ್ ಯೂನಿಟ್ ಅಂದರೆ, ತಲೆ ಮೇಲಿನ ಓಝೋನನ್ನೆಲ್ಲ ನೆಲಕ್ಕೆ ತಂದು ಹಾಸಿದರೆ 3 ಮಿಲಿಮೀಟರ್ ದಪ್ಪ. ಅಷ್ಟೇ ನೋಡಿ!

ಹ್ಯಾಲಿಯಲ್ಲಿ ಅಕ್ಟೋಬರ್ ತಿಂಗಳ ಅಂಕಿ ಮೊದಲು 300ರ ಆಸುಪಾಸು ಇತ್ತು. 1984ರ ಹೊತ್ತಿಗೆ 200ರ ಹತ್ತಿರ ಇಳಿದಿತ್ತು. ಆ ಲೆಕ್ಕ ನೋಡುತ್ತಿದ್ದ ಬ್ರಿಟಿಷ್ ವಿಜ್ಞಾನಿ ಜೋ ಫಾರ್ಮನ್ ಮತ್ತು ಜೊತೆಯವರಿಗೆ ಮೊದಲು ಉಪಕರಣದ ಮೇಲೇ ಅನುಮಾನ. ನಾವೂ ಗೇಜ್ ವಿಚಿತ್ರ ರೀಡಿಂಗ್ ತೋರಿಸಿದರೆ ಬೇರೆ ಗೇಜ್ ಹಾಕಿ ನೋಡುತ್ತೇವೆ, ಅವರೂ ಅದನ್ನೇ ಮಾಡಿದರು. ಹೊಸದೂ ಅದೇ ಅಂಕಿ ತೋರಿಸಿತು. 1985ರ ಮೇನಲ್ಲಿ ಅದನ್ನು ಪ್ರಕಟಿಸಿದರು. ಓಝೋನ್ ತೂತು ಅಂತ ಹೆಸರಾದದ್ದು ಇದೇ.

ಉಪಗ್ರಹ ಆಗಲೂ ಇತ್ತು! ನಿಂಬಸ್-7 1978ರಿಂದಲೇ ಮೇಲೆ ತಿರುಗುತ್ತಿತ್ತು. ಆದರೆ 180ಕ್ಕಿಂತ ಕಡಿಮೆ ಅಂಕಿ ಬಂದರೆ ಅನುಮಾನ ಅಂತ ಗುರುತು ಹಾಕುವ ಹಾಗೆ ಅದರ ಪ್ರೋಗ್ರಾಂ ಬರೆದಿದ್ದರು. ಮಾಹಿತಿ ಕೈಯಲ್ಲೇ ಇತ್ತು, ಸುದ್ದಿ ಮಾತ್ರ ನೆಲದಿಂದ ಹೊರಟಿತು. ಇನ್ನೊಂದು ತೊಡಕು ಏನಂದರೆ, ಬಿಸಿಲನ್ನು ನೆಚ್ಚಿದ ಉಪಗ್ರಹಕ್ಕೆ ಧ್ರುವದ ಚಳಿಗಾಲದ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಆಗ ಓಝೋನ್ ಅಳೆಯುವ ಉಪಕರಣ ಕಟ್ಟಿ ಹಾರಿಸುವ ಬಲೂನ್ ಬೇಕು. ನಮ್ಮ ಹವಾಮಾನ ಇಲಾಖೆಯವರೂ ಅಂಟಾರ್ಕ್ಟಿಕದಲ್ಲಿರುವ ಭಾರತದ ಮೈತ್ರಿ ಠಾಣೆಯಿಂದ ಇಂಥ ಬಲೂನ್ ಹಾರಿಸಿದ್ದಾರೆ. ಉಪಗ್ರಹ ಕೆಲವು ವರ್ಷಕ್ಕೆ ಹಾಳಾಗುತ್ತದೆ, ಹೊಸದು ಬರುತ್ತದೆ. ಹಳೆಯದರ ಅಂಕಿಗೂ ಹೊಸದರ ಅಂಕಿಗೂ ತಾಳೆ ಹಾಕಬೇಕಾದರೆ ನೆಲದ ಮೇಲೆ ಒಂದೇ ಕಡೆ ಅಳೆದ ಉದ್ದನೆಯ ಲೆಕ್ಕ ಇರಲೇಬೇಕು.

ಇನ್ನು ನಮ್ಮ ಗ್ಯಾಸ್ ವಿಷಯ. ಹಳೆ ಫ್ರಿಜ್‌ನಲ್ಲಿ ಇದ್ದದ್ದು ಆರ್-12, ಅಂದರೆ ಕ್ಲೋರಿನ್ ಇರುವ ಸಿಎಫ್‌ಸಿ ಜಾತಿಯ ಗ್ಯಾಸ್. ಕಂಪ್ರೆಸರ್ ಬದಲಿಸುವಾಗ ಪೈಪ್ ಕತ್ತರಿಸಿ ಉಳಿದ ಗ್ಯಾಸನ್ನು ಸುಯ್ ಅಂತ ಗಾಳಿಗೆ ಬಿಡೋದೇ ಆಗಿನ ರೂಢಿ. ವಾಸನೆ ಇಲ್ಲ, ಬೆಂಕಿ ಹತ್ತಲ್ಲ, ಯಾರಿಗೂ ಭಯ ಇರಲಿಲ್ಲ. ಅದರ ಆಯುಸ್ಸು ಸುಮಾರು 100 ವರ್ಷ. ನಿಧಾನಕ್ಕೆ ಮೇಲೇರಿ, ಅಲ್ಲಿ ಒಡೆದು ಕ್ಲೋರಿನ್ ಬಿಡುತ್ತದೆ. ಧ್ರುವದ ಮೇಲೆ ಮೈನಸ್ 78 ಡಿಗ್ರಿಗಿಂತ ಕೆಳಗೆ ಇಳಿದಾಗ ಒಂಥರಾ ಮೋಡ ಕಟ್ಟುತ್ತದೆ. ಆ ಮೋಡದ ಕಣಗಳ ಮೇಲೆ ಕ್ಲೋರಿನ್ ಸಜ್ಜಾಗಿ ಕೂರುತ್ತದೆ. ಸೆಪ್ಟೆಂಬರ್‌ನಲ್ಲಿ ಬಿಸಿಲು ಬಿದ್ದದ್ದೇ ತಡ, ಓಝೋನ್ ಮುಕ್ಕಲು ಶುರು.

ಓಝೋನ್ ತಿನ್ನುವ ಗ್ಯಾಸ್‌ಗಳನ್ನು ನಿಲ್ಲಿಸಲು ದೇಶಗಳು 1987ರಲ್ಲಿ ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ನಂತರ ಫ್ರಿಜ್‌ಗೆ ಆರ್-12 ಹೋಗಿ 134ಎ, ಆಮೇಲೆ 600ಎ ಅನ್ನುವ ಗ್ಯಾಸ್ ಬಂತು. ಆದರೂ ಅಂಟಾರ್ಕ್ಟಿಕದ ಮೇಲೆ ಓಝೋನ್ 1980ರ ಮಟ್ಟಕ್ಕೆ ಬರಲು 2066ರ ಆಸುಪಾಸು ಆಗುತ್ತದೆ ಅನ್ನೋದು ವಿಶ್ವ ಹವಾಮಾನ ಸಂಸ್ಥೆಯವರ ಅಂದಾಜು. ಅಲ್ಲಿವರೆಗೆ ಯಾರಾದರೂ ಅಳೆಯಲೇಬೇಕಲ್ಲ? ಕದ್ದುಮುಚ್ಚಿ ಗ್ಯಾಸ್ ಗಾಳಿಗೆ ಬಿಡುವವರೂ ಇದ್ದರು ಮತ್ತೆ. ಆರ್-12ರ ಜಾತಿಯದೇ ಆದ ಸಿಎಫ್‌ಸಿ-11 ಗಾಳಿಯಲ್ಲಿ ಇಳಿಯಬೇಕಾದಷ್ಟು ವೇಗದಲ್ಲಿ ಇಳಿಯುತ್ತಿಲ್ಲ ಅಂತ 2018ರಲ್ಲಿ ಗೊತ್ತಾಗಿದ್ದು ಇಂಥ ದೀರ್ಘ ಲೆಕ್ಕದಿಂದಲೇ. ಜಾಡು ಹಿಡಿದರೆ ಪೂರ್ವ ಚೀನಾಕ್ಕೆ ಹೋಗಿ ಮುಟ್ಟಿತು.

ಅಂದ ಹಾಗೆ, ಅಂಗಡಿಗೆ ಬರುವವರು "ಓಝೋನ್ ತೂತು ಬಿದ್ದದ್ದಕ್ಕೇ ನಮ್ಮಲ್ಲಿ ಬಿಸಿಲು ಜಾಸ್ತಿ ಏನ್ರೀ?" ಅಂತ ಕೇಳುತ್ತಿರುತ್ತಾರೆ. ಇಲ್ಲ. ಆ ತೂತು ನಮ್ಮ ತಲೆ ಮೇಲೆ ಇಲ್ಲ, ಬಾಗಲಕೋಟೆಯ ಮೇ ತಿಂಗಳಿಗೆ ಅದರ ಹಂಗೂ ಬೇಕಾಗಿಲ್ಲ.