ಮರದಲ್ಲಿ ಹೆಲಿಕಾಪ್ಟರ್ ಮಾಡೆಲ್ ಕೆತ್ತಲು ಯಾವ ಟೂಲ್ ಕಿಟ್ ತಗೊಳ್ಳಲಿ?

ಯಾವುದೂ ಬೇಡ. ಕಿಟ್‌ಗೆ ಅಂತ ತೆಗೆದಿಟ್ಟಿರುವ ಆ ಹದಿನೈದು ಸಾವಿರ ರೂಪಾಯಿ ಬ್ಯಾಂಕಿನಲ್ಲೇ ಇರಲಿ.

ಗೋಕಾಕದಲ್ಲಿದ್ದೀರಿ, ಡಿಪ್ಲೊಮಾ ಮುಗಿದಿದೆ, ಕೈಯಿಂದ ಮರದ ಹೆಲಿಕಾಪ್ಟರ್ ಕೆತ್ತಿ ಮಾರಬೇಕು ಅಂತಿದ್ದೀರಿ, ಸಣ್ಣದಾದರೆ ಸುಲಭ ಅಂತ 1:72 ಅಳತೆಯ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲಿನ, ಚೀತಾ ಹೆಲಿಕಾಪ್ಟರಿನಿಂದ ಶುರು ಮಾಡುವ ಯೋಚನೆ. ಓದುತ್ತಾ ಓದುತ್ತಾ ನಗು ಬಂತು. ನಿಮ್ಮನ್ನು ನೋಡಿ ಅಲ್ಲ. ಆರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಕೂತಿದ್ದೆ.

ನಾನು ಬೆಳಗಾವಿಯವನು. ಉದ್ಯಮಬಾಗದ ಒಂದು ಮಶೀನ್ ಶಾಪ್‌ನಲ್ಲಿ ಕೆಲಸ. 2019ರ ಆಗಸ್ಟ್‌ನಲ್ಲಿ ನೆರೆ ಬಂತಲ್ಲ, ನಿಮ್ಮ ಊರಿಗೆ ಘಟಪ್ರಭಾ ನುಗ್ಗಿದ್ದು ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಆ ದಿನಗಳಲ್ಲಿ ತಲೆ ಮೇಲೆ ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ಶಾಪಿನಲ್ಲಿದ್ದವರೆಲ್ಲಾ ಹೊರಗೆ ಬಂದು ಕತ್ತೆತ್ತಿ ನಿಲ್ಲುತ್ತಿದ್ದೆವು. ಉಳಿದವರು ಮರೆತರು. ನನಗೆ ಮಾತ್ರ ಅದು ತಲೆಯಿಂದ ಇಳಿಯಲಿಲ್ಲ. ವಡಗಾವಿಯಲ್ಲಿ ನಮ್ಮಪ್ಪನ ಗೆಳೆಯ ಒಬ್ಬ ಬಡಿಗೇರ ಕಾಕಾ ಇದ್ದಾರೆ, ಅವರ ಹತ್ತಿರ ಹೋಗಿ ಉಳಿ ಹಿಡಿಯೋದು ಕಲಿಸಿ ಅಂದೆ. ಅವರು ಒಂದು ತಿಂಗಳು ಮರ ಮುಟ್ಟಲು ಬಿಡಲಿಲ್ಲ. "ಮೊದಲ ಉಳಿ ಮಸ್ಯೂದು ಕಲಿ, ಆಮ್ಯಾಲ ವಿಮಾನ ಹಾರಸ್ತಿಯಂತ" ಅಂದರು. ಇದು ವಿಮಾನ ಅಲ್ಲ ಕಾಕಾ, ಹೆಲಿಕಾಪ್ಟರ್ ಅಂದರೆ, ಎರಡೂ ಮೊಂಡ ಉಳಿಗೆ ಬಗ್ಗೂದಿಲ್ಲ ಅಂದರು.

ನನ್ನ ಸಾಮಾನು ಇವತ್ತಿಗೂ ಇಷ್ಟೇ. ಅರ್ಧ ಇಂಚಿನ ಒಂದು ಚಪ್ಪಟೆ ಉಳಿ, ಒಂದು ಗೋಲು ಉಳಿ, ಒಂದು ಚೂಪು ಚಾಕು, ಸಣ್ಣ ಹಲ್ಲಿನ ಗರಗಸ, ಎರಡು ಅರ, ಉಪ್ಪುಕಾಗದ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಮರದ ಪುಡಿ ಒಳ್ಳೆಯದಲ್ಲ. ಕರೆಂಟಿನ ಸಣ್ಣ ಕೆತ್ತನೆ ಮಶೀನು ನಾನೂ ತಂದಿದ್ದೆ. ತಪ್ಪನ್ನು ಬೇಗ ಮಾಡಲು ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೂರನೇ ಮಾಡೆಲ್ ಎಂಐ-17, ರಷ್ಯಾದ ದೊಡ್ಡ ಹೆಲಿಕಾಪ್ಟರ್. ಜೊತೆಗೆ ಕೆಲಸ ಮಾಡುವ ಒಬ್ಬರ ತಂದೆ ಏರ್‌ಫೋರ್ಸ್‌ನಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದವರು, ರಿಟೈರ್ ಆಗಿ ಬೆಳಗಾವಿಯಲ್ಲೇ ನೆಲೆಸಿದವರು. ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಮಗ ಆರ್ಡರ್ ಕೊಟ್ಟರು. ಒಂಬತ್ತು ಸಾವಿರ ರೂಪಾಯಿ. ಇದು ಇಷ್ಟವಾದರೆ ಅಪ್ಪನ ಗೆಳೆಯರಿಗೆ ಇನ್ನೂ ನಾಲ್ಕು ಬೇಕಾಗುತ್ತದೆ ಅಂತಲೂ ಹೇಳಿದ್ದರು. ನಾನು ಆಗಲೇ ಮನಸ್ಸಿನಲ್ಲಿ ನಲವತ್ತೈದು ಸಾವಿರ ಎಣಿಸಿ ಇಟ್ಟಿದ್ದೆ.

1:48 ಅಳತೆ ತಗೊಂಡೆ. ಎಂಐ-17ರ ದೊಡ್ಡ ಫ್ಯಾನು ಸುಮಾರು 21.3 ಮೀಟರ್ ಅಗಲ, ಮಾಡೆಲ್‌ನಲ್ಲಿ 44 ಸೆಂಟಿಮೀಟರ್. ಮೈ 38 ಸೆಂಟಿಮೀಟರ್ ಬಂತು. ಖಾನಾಪುರ ಕಡೆಯ ಶಿವಣಿ ಮರ, ಎರಡು ವರ್ಷ ನೆರಳಿನಲ್ಲಿ ಒಣಗಿದ್ದು. ಹಗುರ, ಉಳಿಗೆ ಬೆಣ್ಣೆಯ ಹಾಗೆ ಬರುತ್ತದೆ, ಬಿರುಕು ಬಿಡೋದು ಕಡಿಮೆ. ಮರದ ಎಳೆ ಮೂತಿಯಿಂದ ಬಾಲದ ಕಡೆ ಉದ್ದಕ್ಕೆ ಇರಬೇಕು, ಅಡ್ಡ ಇದ್ದರೆ ಬಾಲ ಮುರಿಯುತ್ತದೆ. ಇಷ್ಟು ನಿಮಗೆ ಯಾವ ಬಡಿಗೇರರಾದರೂ ಹೇಳುತ್ತಾರೆ.

ಎಂಐ-8 ಮತ್ತು ಎಂಐ-17 ನೋಡಲು ಅಣ್ಣತಮ್ಮ. ಎಂಐ-8ರಲ್ಲಿ ಬಾಲದ ಫ್ಯಾನು ಬಲಕ್ಕೆ, ಎಂಐ-17ರಲ್ಲಿ ಎಡಕ್ಕೆ. ಬಹಳ ಜನ ಇಲ್ಲೇ ಎಡವುತ್ತಾರೆ. ನನಗೆ ಅದು ಗೊತ್ತಿತ್ತು, ಎಡಕ್ಕೇ ಹಾಕಿದೆ, ಹಾಕಿ ನಾಲ್ಕು ಜನರಿಗೆ ತೋರಿಸಿ ಜಂಬ ಪಟ್ಟೆ. ಎಡವಿದ್ದು ಇನ್ನೊಂದು ಕಡೆ.

ಮೇಲಿನ ಬ್ಲೇಡ್ ಐದು. ಬಿದಿರು ಸೀಳಿ ಮಾಡಿದ್ದೆ. ಒಂದೊಂದು 11 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಬ್ಲೇಡ್ ಅಂದರೆ ಚಪ್ಪಟೆ ಪಟ್ಟಿ ಅಲ್ಲ. ಅಡ್ಡಕ್ಕೆ ಕೊಯ್ದು ನೋಡಿದರೆ ನೀರಿನ ಹನಿ ಅಡ್ಡ ಮಲಗಿದ ಹಾಗಿರುತ್ತದೆ. ಒಂದು ಅಂಚು ದಪ್ಪ, ಉರುಟು. ಇನ್ನೊಂದು ಅಂಚು ಎಲೆಯ ಹಾಗೆ ತೆಳು. ದಪ್ಪ ಅಂಚು ಗಾಳಿ ಸೀಳಿಕೊಂಡು ಮುಂದೆ ಹೋಗುತ್ತದೆ, ತೆಳು ಅಂಚು ಹಿಂದೆ ಬರುತ್ತದೆ. ಹಾಗಾಗಿ ಕೆತ್ತುವ ಮೊದಲೇ ಫ್ಯಾನು ಯಾವ ಕಡೆ ತಿರುಗುತ್ತದೆ ಅನ್ನೋದು ಗೊತ್ತಿರಲೇಬೇಕು. ನಾನೇನು ಮಾಡಿದೆ? ಫೋನಿನಲ್ಲಿ ವಿಡಿಯೋ ನೋಡಿದೆ.

ಯಾರೋ ನೆಲದ ಮೇಲೆ ನಿಂತು ಫೋನಿನಿಂದ ತೆಗೆದ ವಿಡಿಯೋ. ಹೆಲಿಕಾಪ್ಟರ್ ತಲೆ ಮೇಲೆ ನಿಂತಿದೆ. ಬ್ಲೇಡ್‌ಗಳು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗುತ್ತಿವೆ. ನಾನು ಆಗ ಒಂದು ಬುದ್ಧಿವಂತಿಕೆ ಮಾಡಿದೆ. ಇದು ಕೆಳಗಿನಿಂದ ತೆಗೆದದ್ದು, ಅಂದಮೇಲೆ ಮೇಲಿನಿಂದ ನೋಡಿದರೆ ಉಲ್ಟಾ ಅಲ್ವಾ? ಸರಿ, ಉಲ್ಟಾ ಲೆಕ್ಕ ಹಿಡಿದು ಐದೂ ಬ್ಲೇಡ್ ಕೆತ್ತಿದೆ.

ತಪ್ಪು ಎಲ್ಲಿ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ತಾಳ್ಮೆ ಇರಲಿ, ಇದನ್ನು ತಿಳಿಯಲು ನನಗೆ ಬಿದ್ದ ಖರ್ಚು ಜಾಸ್ತಿ. ಎಂಐ-17ರ ಫ್ಯಾನು ನಿಮಿಷಕ್ಕೆ 192 ಸುತ್ತು ತಿರುಗುತ್ತದೆ. ಸೆಕೆಂಡಿಗೆ 1152 ಡಿಗ್ರಿ. ಫೋನು ಸೆಕೆಂಡಿಗೆ 30 ಫೋಟೋ ತೆಗೆಯುತ್ತದೆ ಅಂದುಕೊಳ್ಳಿ. ಒಂದು ಫೋಟೋದಿಂದ ಮುಂದಿನ ಫೋಟೋಕ್ಕೆ ಬ್ಲೇಡ್ 38.4 ಡಿಗ್ರಿ ಮುಂದೆ ಹೋಗಿರುತ್ತದೆ. ಐದು ಬ್ಲೇಡ್ ಇರೋದರಿಂದ ಒಂದಕ್ಕೊಂದು ನಡುವೆ 72 ಡಿಗ್ರಿ ಜಾಗ. ಈಗ ನೋಡಿ, ಮೊದಲ ಫೋಟೋದಲ್ಲಿ ಒಂದು ಬ್ಲೇಡ್ ಇದ್ದ ಜಾಗಕ್ಕೆ ಎರಡನೇ ಫೋಟೋದಲ್ಲಿ ಹತ್ತಿರ ಇರೋದು ಯಾವುದು? ಅದೇ ಬ್ಲೇಡ್ 38.4 ಡಿಗ್ರಿ ಮುಂದಕ್ಕಿದೆ. ಅದರ ಹಿಂದಿನ ಬ್ಲೇಡ್ 33.6 ಡಿಗ್ರಿ ಹಿಂದಕ್ಕಿದೆ. ಐದೂ ಬ್ಲೇಡ್ ನೋಡಲು ಒಂದೇ ಥರ. ಕಣ್ಣಿಗೆ ಯಾವುದು ಯಾವುದು ಅಂತ ಗೊತ್ತಾಗಲ್ಲ, ಹತ್ತಿರ ಇದ್ದದ್ದನ್ನೇ ಹಿಡಿಯುತ್ತದೆ. ಹಾಗಾಗಿ ಫ್ಯಾನು ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಸಿನಿಮಾದಲ್ಲಿ ಟಾಂಗಾ ಗಾಲಿ ಹಿಂದಕ್ಕೆ ಓಡುತ್ತದಲ್ಲ, ಅದೇ ಆಟ.

ಅಂದರೆ ವಿಡಿಯೋ ಒಂದು ಸಲ ಉಲ್ಟಾ ಮಾಡಿತ್ತು. ಕೆಳಗಿನಿಂದ ನೋಡಿದ್ದಕ್ಕೆ ಇನ್ನೊಂದು ಉಲ್ಟಾ ಆಗಿತ್ತು. ಎರಡು ಉಲ್ಟಾ ಸೇರಿ ಸರಿಯಾಗೇ ಇತ್ತು. ಸುಮ್ನೆ ಕಂಡಿದ್ದನ್ನು ಕಂಡ ಹಾಗೆ ಕೆತ್ತಿದ್ದರೆ ಮುಗಿದಿತ್ತು. ಮೂರನೇ ಉಲ್ಟಾ ನನ್ನ ಸ್ವಂತದ್ದು.

ಹುಟ್ಟುಹಬ್ಬದ ದಿನ ಅವರ ಮನೆಗೆ ನಾನೇ ಒಯ್ದು ಕೊಟ್ಟೆ. ಆ ಏರ್‌ಫೋರ್ಸ್ ಕಾಕಾ ಕನ್ನಡಕ ಹಾಕಿಕೊಂಡು ಎರಡೂ ಕೈಯಲ್ಲಿ ಎತ್ತಿದರು. ಬಾಲ ನೋಡಿ "ಹ್ಞೂಂ, ಎಡಕ್ಕ ಹಾಕೀಯಲ್ಲ, ಶಾಣ್ಯಾ ಅದೀ" ಅಂದರು. ನಾನು ಹಿಗ್ಗಿದೆ. ಆಮೇಲೆ ಹೆಬ್ಬೆರಳನ್ನು ಒಂದು ಬ್ಲೇಡಿನ ಅಂಚಿನ ಮೇಲೆ ಬುಡದಿಂದ ತುದಿವರೆಗೆ ಎಳೆದರು. ಇನ್ನೊಂದು ಅಂಚಿನ ಮೇಲೂ ಎಳೆದರು. ಮತ್ತೆ ಮೊದಲನೆಯದಕ್ಕೆ ಬಂದರು. ಮನೆಯಲ್ಲಿ ಕೇಕ್ ಕತ್ತರಿಸಲು ಮಕ್ಕಳ ಗದ್ದಲ, ಇವರು ಮಾತ್ರ ಮಾತಿಲ್ಲ. ಕೊನೆಗೆ ಮೆಲ್ಲಗೆ, ಮಗನಿಗೆ ಕೇಳಿಸದ ಹಾಗೆ ಅಂದರು: "ತಮ್ಮಾ, ಛಲೋ ಮಾಡೀಪಾ. ಆದ್ರ ಇದು ಮ್ಯಾಲ ಏಳಂಗಿಲ್ಲ."

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಅವರು ಇಟ್ಟುಕೊಳ್ಳುತ್ತೇನೆ ಅಂದರು. ನಾನೇ ಹಟ ಮಾಡಿ, ಎರಡು ದಿನದಲ್ಲಿ ಸರಿ ಮಾಡಿ ತರುತ್ತೇನೆ ಅಂತ ವಾಪಸ್ ತಂದೆ. ಬ್ಲೇಡ್‌ಗಳನ್ನು ಅವೆಲ್ಲಾ ಸೇರುವ ನಡುವಿನ ಗುಬ್ಬಿಗೆ, ಗುಬ್ಬಿಯನ್ನು ಮೇಲಿನ ಇಂಜಿನ್ ಭಾಗಕ್ಕೆ ಅರಾಲ್ಡೈಟ್ ಹಾಕಿ ಕೂರಿಸಿದ್ದೆ. ಬಿಚ್ಚಬೇಕಾಗಬಹುದು ಅನ್ನೋ ಯೋಚನೆಯೇ ಇರಲಿಲ್ಲ. ಪಕ್ಕಡ್ ಹಿಡಿದು ಮೆಲ್ಲಗೆ ತಿರುಗಿಸಿದೆ. ಟಪ್ ಅಂತು. ಗುಬ್ಬಿ ಬರಲಿಲ್ಲ, ಅದರ ಕೆಳಗಿನ ಶಿವಣಿ ಎಳೆಯ ಉದ್ದಕ್ಕೆ ಸೀಳಿ ಕಾಕ್‌ಪಿಟ್ ತನಕ ಬಂತು. ಐದು ವಾರದ ರಾತ್ರಿ ಕೆಲಸ. ದುಡ್ಡು ಬೇಡ ಅಂದೆ. ಆ ಇನ್ನೂ ನಾಲ್ಕು ಆರ್ಡರ್ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಮರುವಾರ ಏರ್‌ಫೋರ್ಸ್ ಕಾಕಾನೇ ಕರೆಸಿ ಚಹಾ ಕುಡಿಸಿ ಹೇಳಿಕೊಟ್ಟರು. "ನೀ ಪೈಲಟ್ ಸೀಟಿನ್ಯಾಗ ಕುಂತೀ ಅಂತ ತಿಳಕೋ. ರಷ್ಯಾದ್ದು, ಫ್ರಾನ್ಸಿನ್ದು ಆದ್ರ ಕಣ್ಣಮುಂದ ಬ್ಲೇಡ್ ಎಡದಿಂದ ಬಲಕ್ಕ ಹೊಕ್ಕಾವು. ಅಮೆರಿಕಾದ್ದು ಆದ್ರ ಬಲದಿಂದ ಎಡಕ್ಕ." ನಮ್ಮ ಚೇತಕ್, ಚೀತಾ ಫ್ರೆಂಚ್ ಹುಟ್ಟಿನವು, ಅವೂ ಎಡದಿಂದ ಬಲಕ್ಕೇ. ಚಿನೂಕ್‌ಗೆ ಎರಡು ಫ್ಯಾನು, ಒಂದೊಂದು ಒಂದೊಂದು ಕಡೆ ತಿರುಗುತ್ತದೆ, ಅದರ ಸಹವಾಸಕ್ಕೆ ಈಗಲೇ ಹೋಗಬೇಡಿ. ಗುರುತು ನೋಡಬೇಕಾದರೆ ವಿಡಿಯೋ ಬೇಡ, ನೆಲದ ಮೇಲೆ ನಿಂತಿರುವ ಹೆಲಿಕಾಪ್ಟರಿನ ಹತ್ತಿರದ ಫೋಟೋ ತಗೊಂಡು ದಪ್ಪ ಅಂಚು ಯಾವ ಕಡೆ ಇದೆ ನೋಡಿ. ಫೋಟೋದಲ್ಲಿರುವ ನಂಬರು, ಅಕ್ಷರ ನೆಟ್ಟಗೆ ಓದಲು ಬರಬೇಕು. ಕೆಲವರು ಫೋಟೋ ಕನ್ನಡಿಯ ಹಾಗೆ ತಿರುಗಿಸಿ ಹಾಕಿರುತ್ತಾರೆ.

ಇನ್ನು ನಿಮ್ಮ ಉಳಿದ ಪ್ರಶ್ನೆಗಳು. ಸಣ್ಣದು ಸುಲಭ ಅನ್ನೋದು ಸುಳ್ಳು. 1:72ರಲ್ಲಿ ಉಳಿ ಒಂದು ಮಿಲಿಮೀಟರ್ ಜಾರಿದರೆ ನಿಜವಾದ ಹೆಲಿಕಾಪ್ಟರಿನಲ್ಲಿ 7.2 ಸೆಂಟಿಮೀಟರ್ ಹೋದ ಹಾಗೆ. ಚೀತಾ ಅಂತೂ ಬೇಡವೇ ಬೇಡ, ಅದರ ಬಾಲ ಬರೀ ಕಡ್ಡಿಗಳ ಜಾಲರಿ, ಮರದಲ್ಲಿ ಅದನ್ನು ಕೆತ್ತಲು ಹೋದರೆ ಕಣ್ಣು ಹೋಗುತ್ತದೆ, ಮುಂದೆ ನೋಡಿದರೆ ಪೂರ್ತಿ ಗಾಜಿನ ಗುಳ್ಳೆ. ಎಂಐ-17 ತಗೊಳ್ಳಿ. ಜೋಳದ ಚೀಲಕ್ಕೆ ಬಾಲ ಹಚ್ಚಿದ ಹಾಗಿದೆ, ಕಲಿಯುವವರಿಗೆ ಅದೇ ಸರಿ. ಮರದ ತುಂಡಿನ ಮೇಲೆ ಪಕ್ಕದ ನೋಟ, ಮೇಲಿನ ನೋಟ ಎರಡೂ ಬರೆದು, ಮೊದಲು ಪಕ್ಕದ ಗೆರೆಗೆ ಗರಗಸ ಹಾಕಿ. ಕೊಯ್ದ ತುಂಡುಗಳನ್ನು ಟೇಪ್ ಹಚ್ಚಿ ಮತ್ತೆ ಅಲ್ಲೇ ಕೂರಿಸಿ, ಆಮೇಲೆ ಮೇಲಿನ ಗೆರೆಗೆ ಕೊಯ್ಯಿರಿ. ನಡುಗೆರೆ ಅಳಿಸಿದಾಗಲೆಲ್ಲಾ ಮತ್ತೆ ಹಾಕಿ. ಫ್ಯಾನನ್ನು ಅಂಟಿಸಬೇಡಿ, ಸೈಕಲ್ ಕಡ್ಡಿಯ ತುಂಡು ಹಾಕಿ ಬಿಚ್ಚುವ ಹಾಗೆ ಕೂರಿಸಿ.

ಮಾರಾಟದ ಮಾತು ಮೊದಲ ಐದು ಮಾಡೆಲ್ ತನಕ ತೆಗೆಯಬೇಡಿ. ನೀವಿರೋ ಊರಲ್ಲೇ ಮರದ ಹಣ್ಣು, ಗೊಂಬೆ ಮಾಡುವ ಜೀನಗಾರ ಮನೆತನದವರಿದ್ದಾರೆ. ಅವರ ಹತ್ತಿರ ಹೋಗಿ ಕೂತು ಬಣ್ಣ ಹಚ್ಚೋದು ನೋಡಿ. ಬಾಳೆಹಣ್ಣಿನ ಮೇಲಿನ ಕಪ್ಪು ಚುಕ್ಕೆ ನಿಜ ಅನ್ನಿಸುವ ಹಾಗೆ ಇಡುವ ಕೈಗೆ ಹೆಲಿಕಾಪ್ಟರಿನ ಎಣ್ಣೆ ಕಲೆ ಯಾವ ಲೆಕ್ಕ. ನನಗೆ ಆ ಭಾಗ್ಯ ಇರಲಿಲ್ಲ, ಸ್ಪ್ರೇ ಡಬ್ಬಿ ನಂಬಿಕೊಂಡೆ.

ಏರ್‌ಫೋರ್ಸ್ ಕಾಕಾನಿಗೆ ಎರಡನೇದು ಮಾಡಿ ಕೊಟ್ಟೆ, ಮುಂದಿನ ದಸರಾಕ್ಕೆ. ಹೆಬ್ಬೆರಳು ಎಳೆದು ನೋಡಿದರು, ಏನೂ ಅನ್ನಲಿಲ್ಲ, ಟಿವಿ ಪಕ್ಕ ಇಟ್ಟರು. ಉಲ್ಟಾ ಬ್ಲೇಡಿನ ಆ ಹಳೇ ಫ್ಯಾನು ನನ್ನ ಬೆಂಚಿನ ಮೇಲೆ ಮೊಳೆಗೆ ನೇತಾಡುತ್ತಿದೆ.

ನೀವು ಬೆಳಗಾವಿಗೆ ಬಂದರೆ ಇಲ್ಲೇ ಮೆಸೇಜ್ ಹಾಕಿ, ಒಣಗಿದ ಶಿವಣಿ ತುಂಡು ಎರಡು ಉಳಿದಿವೆ, ಒಂದು ಕೊಡುತ್ತೇನೆ. ಮೈ ಕೆತ್ತಿದ ಮೇಲೆ ಬಿದಿರಿಗೆ ಚಾಕು ಹಚ್ಚುವ ಮೊದಲು, ಮೇಲಿನಿಂದ ನೋಡಿದ ಒಂದು ಚಿತ್ರ ಬರೆದು, ತಿರುಗುವ ಕಡೆಗೆ ಬಾಣ ಹಾಕಿ, ಫೋಟೋ ಕಳಿಸಿ. ನಾನು ಕಾಕಾನಿಗೆ ತೋರಿಸಿ ಹೇಳುತ್ತೇನೆ.