ಟಿಕೆಟ್ ಯಾರಿಗೆ ಸಿಗುತ್ತದೆ, ನಡುವಿನ ಮತದಾರನನ್ನು ಯಾರು ಕೇಳುತ್ತಾರೆ?

'ಪಕ್ಷಗಳಿಗೆ ನನ್ನಂಥವರ ವೋಟು ಬೇಕಾ, ಬೇಕಿದ್ದರೆ ಜೋರಾಗಿ ಮಾತಾಡುವವರಿಗೇ ಯಾಕೆ ಟಿಕೆಟ್' ಅಂತ ಕೇಳಿದ್ದೀರಿ. ಒಂದೇ ಪ್ರಶ್ನೆ ಥರ ಕಂಡರೂ ಒಳಗೆ ಎರಡಿವೆ. ಪಕ್ಷಗಳು ಅಭ್ಯರ್ಥಿಯನ್ನು ಹೇಗೆ ಆರಿಸುತ್ತವೆ ಅನ್ನುವುದು ಒಂದು. ಯಾವ ಪಕ್ಷಕ್ಕೂ ಅಂಟಿಕೊಳ್ಳದ ನಿಮ್ಮಂಥವರ ವೋಟು ಬೇಕು ಅಂತಿದ್ದರೆ, ಬೆಂಕಿ ಉಗುಳುವವರಿಗೇ ಯಾಕೆ ಟಿಕೆಟ್ ಕೊಡುತ್ತಾರೆ ಅನ್ನುವುದು ಇನ್ನೊಂದು. ನಾನು ಟಿವಿಯಲ್ಲಿ ಕೂರುವ ವಿಶ್ಲೇಷಕ ಅಲ್ಲ. 2018ರಲ್ಲಿ ಊರಲ್ಲಿ ಬೂತ್ ಏಜೆಂಟ್ ಆಗಿ ಕೂತಿದ್ದೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಐದಾರು ತಿಂಗಳು ಒಂದು ಸರ್ವೆ ಕಂಪನಿಗೆ ಮನೆಮನೆ ಸುತ್ತಿದೆ. ಯಾವ ಪಕ್ಷಕ್ಕೆ ಈ ಸರ್ವೆ ಅಂತ ನಮಗೆ ಕೊನೆವರೆಗೂ ಹೇಳಲಿಲ್ಲ, ಪ್ರಶ್ನೆಗಳ ಧಾಟಿ ನೋಡಿದರೆ ಗೊತ್ತಾಗುತ್ತಿತ್ತು ಅಷ್ಟೇ. ಹಾಗಾಗಿ ಕರ್ನಾಟಕದ ಮಟ್ಟಿಗೆ, ಕಂಡಿದ್ದು ಹೇಳುತ್ತೇನೆ.

ಪ್ರತಿ ಕ್ಷೇತ್ರದಲ್ಲೂ ಪಕ್ಷಕ್ಕೆ ಅಂತ ಒಂದಷ್ಟು ವೋಟು ಇರುತ್ತದೆ. ಲೈಟ್ ಕಂಬ ನಿಲ್ಲಿಸಿದರೂ ಬೀಳುವ ವೋಟು. ಅದರ ಮೇಲೆ ಈ ಮನುಷ್ಯ ಸ್ವಂತದ್ದು ಎಷ್ಟು ತರುತ್ತಾನೆ? ಎಲ್ಲರೂ ಬಾಯಲ್ಲಿ ಹೇಳುವ 'ಗೆಲ್ಲುವ ಕುದುರೆ' ಅಂದರೆ ಇದೇ. ಆ ಸ್ವಂತ ವೋಟು ಎಲ್ಲಿಂದ ಬರುತ್ತದೆ ಅಂದರೆ ಜಾತಿ, ದುಡ್ಡು, ಮತ್ತೆ ಸಾವು-ಮದುವೆಗೆ ಹೋಗುವ ಅಭ್ಯಾಸ. ಮೂರನೆಯದನ್ನು ಹೊರಗಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಫಾರಂನಲ್ಲಿ ರಸ್ತೆ, ನೀರು, ಶಾಸಕರ ಕೆಲಸ ಅಂತೆಲ್ಲ ಕೇಳಿ, ಕೊನೆಗೆ ನಾಲ್ಕು ಹೆಸರು ಓದಿ ಇವರಲ್ಲಿ ಯಾರು ಅಂತ ಕೇಳಬೇಕಿತ್ತು. ಒಬ್ಬ ಅಜ್ಜಿ ರಸ್ತೆ ಪ್ರಶ್ನೆಗೆಲ್ಲ ಉತ್ತರವೇ ಕೊಡಲಿಲ್ಲ. ಹೆಸರು ಓದಿದ ತಕ್ಷಣ, "ಇವ್ನು ನಮ್ ಯಜಮಾನ್ರ ತಿಥಿಗೆ ಬಂದಿದ್ದ ಕಣಪ್ಪ, ಊಟಾನೂ ಮಾಡ್ಲಿಲ್ಲ, ಕೈ ಮುಗಿದು ಹೋದ. ಆ ಇನ್ನೊಬ್ಬ ಬರಲೇ ಇಲ್ಲ" ಅಂದರು. ನಾನು ಫಾರಂನಲ್ಲಿ ಮೊದಲನೇ ಹೆಸರಿಗೆ ಟಿಕ್ ಹಾಕಿದೆ. ಬೆಂಗಳೂರಲ್ಲಿ ಅದು ಒಂದು ಶೇಕಡಾವಾರು ಆಗುತ್ತದೆ, ತಿಥಿ ಅಲ್ಲೆಲ್ಲೂ ಕಾಣುವುದಿಲ್ಲ.

ದುಡ್ಡಿನ ವಿಷಯ ಜಾಸ್ತಿ ಹೇಳಬೇಕಾಗಿಲ್ಲ. ವಿಧಾನಸಭೆಗೆ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಈ ಅಂಕಿ ಕೇಳಿ ನಗದ ಕಾರ್ಯಕರ್ತನನ್ನು ನಾನು ನೋಡಿಲ್ಲ.

ಇನ್ನು ಕ್ರಮ. ಕಾಗದದ ಮೇಲೆ ಎಲ್ಲ ಪಕ್ಷದಲ್ಲೂ ಚೆನ್ನಾಗಿಯೇ ಇದೆ. ಕಾಂಗ್ರೆಸ್ 2022ರ ನವೆಂಬರ್‌ನಲ್ಲಿ ಆಕಾಂಕ್ಷಿಗಳಿಂದ ಅರ್ಜಿ ಕರೆದಿತ್ತು. ಫಾರಂಗೆ 5 ಸಾವಿರ, ಜೊತೆಗೆ 2 ಲಕ್ಷದ ಡಿಡಿ, ಪರಿಶಿಷ್ಟರಿಗೆ 1 ಲಕ್ಷ. ಆದರೂ ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಬಿಜೆಪಿ ಜಿಲ್ಲೆಗಳಲ್ಲಿ ಪದಾಧಿಕಾರಿಗಳನ್ನು ಕೂರಿಸಿ ಚೀಟಿಯಲ್ಲಿ ಮತ ಹಾಕಿಸಿತು. ಆಮೇಲೆ ರಾಜ್ಯ ಸಮಿತಿ, ಸರ್ವೆ ರಿಪೋರ್ಟು, ದೆಹಲಿಯ ಚುನಾವಣಾ ಸಮಿತಿ. ಕೊನೆಗೆ ಉಳಿಯುವುದು ಬಿ ಫಾರಂ ಒಂದೇ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಬರೆದುಕೊಡುವ ಪತ್ರ. ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆ ಒಳಗೆ ಅದು ಚುನಾವಣಾಧಿಕಾರಿ ಕೈಗೆ ಸೇರಿದರೆ ನೀವು ಪಕ್ಷದ ಅಭ್ಯರ್ಥಿ, ಇಲ್ಲದಿದ್ದರೆ ಇಪ್ಪತ್ತು ವರ್ಷ ಬ್ಯಾನರ್ ಕಟ್ಟಿದ್ದರೂ ಪಕ್ಷೇತರ. ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಇನ್ನೊಂದು ಮಾತು ಹೇಳಿತು: ಕ್ರಿಮಿನಲ್ ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ, ಯಾಕೆ ಕೊಟ್ಟಿರಿ, ಕೇಸ್ ಇಲ್ಲದವರು ಯಾಕೆ ಸಿಗಲಿಲ್ಲ ಅಂತ ಪಕ್ಷ ಬರೆದು ಪ್ರಕಟಿಸಬೇಕು, ಸುಮ್ನೆ 'ಗೆಲ್ಲುತ್ತಾನೆ' ಅನ್ನುವುದು ಕಾರಣ ಆಗುವುದಿಲ್ಲ ಅಂತ. ಆ ಪ್ರಕಟಣೆಗಳನ್ನು ಒಮ್ಮೆ ಹುಡುಕಿ ಓದಿ. ಎಲ್ಲರೂ ಜನಾನುರಾಗಿಗಳೇ.

ಸ್ವಂತ ವೋಟು ಎಷ್ಟು, ಪಕ್ಷದ ವೋಟು ಎಷ್ಟು ಅನ್ನುವ ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ನೋಡಬೇಕಾದರೆ 2023ರ ಏಪ್ರಿಲ್‌ನ ಆ ಒಂದು ವಾರ ಸಾಕು. ಏಪ್ರಿಲ್ 11ಕ್ಕೆ ಬಿಜೆಪಿಯ ಮೊದಲ ಪಟ್ಟಿ ಬಂತು, 189 ಹೆಸರು, ಅದರಲ್ಲಿ 52 ಹೊಸಬರು. ಹಳಬರ ಮೇಲೆ ಜನಕ್ಕೆ ಬೇಜಾರಾಗಿದ್ದರೆ ಮುಖ ಬದಲಾಯಿಸಿ ಸಿಟ್ಟು ಇಳಿಸುವುದು ಅವರ ಲೆಕ್ಕ. ಟಿಕೆಟ್ ಸಿಗದ ಇಬ್ಬರು ದೊಡ್ಡವರು ಕಾಂಗ್ರೆಸ್‌ಗೆ ಹೋದರು. ಹುಬ್ಬಳ್ಳಿಯ ಜಗದೀಶ ಶೆಟ್ಟರ್, ಅಥಣಿಯ ಲಕ್ಷ್ಮಣ ಸವದಿ. ಶೆಟ್ಟರ್ ಮಾಜಿ ಮುಖ್ಯಮಂತ್ರಿ, ಆರು ಸಲ ಗೆದ್ದವರು. ಸವದಿ ಮಾಜಿ ಉಪಮುಖ್ಯಮಂತ್ರಿ, 2018ರಲ್ಲಿ ಸೋತವರು, ಅವರನ್ನು ಸೋಲಿಸಿದ್ದ ಕಾಂಗ್ರೆಸ್‌ನ ಮಹೇಶ ಕುಮಠಳ್ಳಿಯೇ ಆಮೇಲೆ ಬಿಜೆಪಿಗೆ ಬಂದು ಟಿಕೆಟ್ ಹಿಡಿದು ಕೂತಿದ್ದರು. ಹೊರಗಿನಿಂದ ನೋಡಿದವರಿಗೆ ಶೆಟ್ಟರ್ ಗೆಲ್ಲುತ್ತಾರೆ, ಸವದಿ ಕಷ್ಟ ಅನ್ನಿಸಬೇಕು. ಆಗಿದ್ದು ಉಲ್ಟಾ. ಶೆಟ್ಟರ್ ತಮ್ಮ ಹಳೇ ಪಕ್ಷ ಬಿಜೆಪಿ ನಿಲ್ಲಿಸಿದ ಹೊಸಬ ಮಹೇಶ ಟೆಂಗಿನಕಾಯಿ ಎದುರು 34 ಸಾವಿರದಷ್ಟು ಅಂತರದಲ್ಲಿ ಸೋತರು. ಸವದಿ 70 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಹುಬ್ಬಳ್ಳಿ ಪೇಟೆಯ ವೋಟು ಕಮಲದ್ದು, ಅಥಣಿ ಹಳ್ಳಿಗಳ ವೋಟು ಸವದಿಯವರದ್ದು, ನನಗೆ ಅರ್ಥ ಆಗಿದ್ದು ಹೀಗೆ. ಪುತ್ತೂರಲ್ಲಂತೂ ಬಂಡಾಯ ನಿಂತ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ಎರಡನೇ ಸ್ಥಾನಕ್ಕೆ ಬಂದರು, ಬಿಜೆಪಿ ಮೂರನೇ ಸ್ಥಾನಕ್ಕೆ ಹೋಯಿತು, ಕಾಂಗ್ರೆಸ್ ಗೆದ್ದಿತು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಜೋರಾಗಿ ಮಾತಾಡುವವರಿಗೆ ಟಿಕೆಟ್ ಯಾಕೆ? ಯಾಕಂದರೆ ಟಿಕೆಟ್ ಹಂಚುವಾಗ ನೀವು ಕೋಣೆಯೊಳಗೆ ಇರುವುದಿಲ್ಲ, ಕಾರ್ಯಕರ್ತ ಇರುತ್ತಾನೆ. ಬಿಸಿಲಲ್ಲಿ ಮನೆಮನೆಗೆ ಚೀಟಿ ಹಂಚುವವನು ಅವನು. ಅವನಿಗೆ ಮೆತ್ತಗೆ ಮಾತಾಡುವವರನ್ನು ಕಂಡರೆ ಹುರುಪು ಬರುವುದಿಲ್ಲ. ಆದರೆ ಅವನ ವೋಟು ಹೇಗಿದ್ದರೂ ಬೀಳುತ್ತದೆ, ಗೆಲ್ಲಿಸುವುದು ಹೊರಗೆ ಇರುವವರು. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡ ಪಕ್ಷ ಪಕ್ಕದ ಮನೆಯಿಂದಲೇ ಮನುಷ್ಯನನ್ನು ತರುತ್ತದೆ. ಚಿಕ್ಕಮಗಳೂರಲ್ಲಿ ಬಿಜೆಪಿಯ ಸಿ.ಟಿ. ರವಿ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಎಚ್.ಡಿ. ತಮ್ಮಯ್ಯ ಅವರನ್ನು. ಚುನಾವಣೆಗೆ ಕೆಲವೇ ತಿಂಗಳ ಮುಂಚೆವರೆಗೂ ಬಿಜೆಪಿಯಲ್ಲೇ ಇದ್ದವರು. ಬಿಜೆಪಿಗೆ ಹಾಕಿ ಅಭ್ಯಾಸ ಇದ್ದವರಿಗೂ ಕೈಗೆ ಒತ್ತುವುದು ಕಷ್ಟ ಆಗಲಿಲ್ಲ. ಸುಮಾರು 6 ಸಾವಿರ ವೋಟಿನಲ್ಲಿ ರವಿ ಸೋತರು. ಹಾಸನದಲ್ಲಿ ಅಣ್ಣನ ಹೆಂಡತಿ ಭವಾನಿ ರೇವಣ್ಣ ಟಿಕೆಟ್ ಕೇಳಿದಾಗ ಜೆಡಿಎಸ್‌ನ ಕುಮಾರಸ್ವಾಮಿ ಮನೆಯವರ ಜೊತೆಗೇ ಜಗಳ ಆಡಿ ಸ್ವರೂಪ್ ಪ್ರಕಾಶ್‌ಗೆ ಕೊಡಿಸಿದ್ದೂ ಇದೇ ಲೆಕ್ಕದಲ್ಲಿ, ಮತ್ತೆ ಅದೇ ಕುಟುಂಬನಾ ಅನ್ನುವವರನ್ನು ಹಿಡಿದಿಟ್ಟುಕೊಳ್ಳುವುದಕ್ಕೆ. 'ಸಾಮಾನ್ಯ ಕಾರ್ಯಕರ್ತನಿಗೆ ಟಿಕೆಟ್' ಅಂತ ಆಗ ಹೇಳಿದರು. ಸ್ವರೂಪ್ ಗೆದ್ದರು. ಅವರ ತಂದೆಯೂ ಹಾಸನದ ಶಾಸಕರಾಗಿದ್ದರು ಅನ್ನುವುದು ಬೇರೆ ಮಾತು.

ನಡುವಿನ ಮತದಾರ ಅಂದರೆ ಎಡಕ್ಕೂ ಬಲಕ್ಕೂ ಮಧ್ಯೆ ತಕ್ಕಡಿ ಹಿಡಿದು ಕೂತವನು ಅಂತ ನೀವು ಅಂದುಕೊಂಡಿದ್ದರೆ, ನಮ್ಮಲ್ಲಿ ಅಂಥವರು ಕಡಿಮೆ. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಒಂದೊಂದು ಚುನಾವಣೆಗೆ ಒಂದೊಂದು ಕೆಲಸ ಇಟ್ಟುಕೊಂಡವರು. "ಮೇಲೆ ಒಬ್ರು, ಕೆಳಗೆ ಒಬ್ರು" ಅಂತ ಸಲೀಸಾಗಿ ಹೇಳುತ್ತಿದ್ದರು. ಇದು ಹೊಸದೇನೂ ಅಲ್ಲ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಕರ್ನಾಟಕದ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ ಕೊಟ್ಟ ಜನ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ವಿಧಾನಸಭೆ ಚುನಾವಣೆಗೆ ಹೋದಾಗ, 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ನಡುವೆ ಮೂರು ತಿಂಗಳೂ ಇರಲಿಲ್ಲ. 2023ರಲ್ಲಿ ಕಾಂಗ್ರೆಸ್‌ಗೆ 135 ಸೀಟು ಕೊಟ್ಟ ಅದೇ ರಾಜ್ಯ ಮರುವರ್ಷ ಲೋಕಸಭೆಗೆ ಬಿಜೆಪಿ-ಜೆಡಿಎಸ್ ಕೂಟಕ್ಕೆ 19 ಕೊಟ್ಟು ಕಾಂಗ್ರೆಸ್‌ಗೆ 9 ಕೊಟ್ಟಿತು.

ಇನ್ನೊಂದು ಅಂಕಿ ನೋಡಿ. ಬಿಜೆಪಿಗೆ 2018ರಲ್ಲೂ 2023ರಲ್ಲೂ ಬಿದ್ದಿದ್ದು ಸುಮಾರು ಶೇ. 36 ವೋಟು. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಅಂದರೆ ಒಟ್ಟು ಲೆಕ್ಕದಲ್ಲಿ ಅವರ ವೋಟು ಕಮ್ಮಿ ಆಗಲೇ ಇಲ್ಲ. ಜೆಡಿಎಸ್‌ಗೆ ಸುಮಾರು 5 ಪಾಯಿಂಟ್ ಕಮ್ಮಿ ಆಯಿತು, ಕಾಂಗ್ರೆಸ್‌ಗೆ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಆಯಿತು. ಇಡೀ ರಾಜ್ಯದ ಫಲಿತಾಂಶ ತಿರುಗಿಸುವುದಕ್ಕೆ ನೂರಕ್ಕೆ ಐದು ಜನ ಸಾಕಾದರು.

ಆ ಐದು ಜನರನ್ನು ಸೆಳೆದಿದ್ದು ಸಿದ್ಧಾಂತ ಅಂತ ನನಗೆ ಅನ್ನಿಸಲ್ಲ. ಗ್ಯಾಸ್ ಸಿಲಿಂಡರ್ ರೇಟು ಸಾವಿರ ದಾಟಿತ್ತು. ಅದೇ ಹೊತ್ತಿಗೆ 2 ಸಾವಿರ ರೂಪಾಯಿ, 200 ಯೂನಿಟ್ ಕರೆಂಟು, 10 ಕೆ.ಜಿ. ಅಕ್ಕಿ ಅಂತ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ ಇದ್ದ ಕಾರ್ಡು ಮನೆ ಬಾಗಿಲಿಗೆ ಬಂತು. ಹೆಂಗಸರು ಆ ಕಾರ್ಡನ್ನು ರೇಷನ್ ಕಾರ್ಡ್ ಜೊತೆ ಇಟ್ಟುಕೊಂಡಿದ್ದನ್ನು ನೋಡಿದ್ದೇನೆ. ಅದೇ ಕಾಂಗ್ರೆಸ್ ಮೇ 2ರ ಪ್ರಣಾಳಿಕೆಯಲ್ಲಿ ಬಜರಂಗ ದಳದಂಥ ಸಂಘಟನೆಗಳನ್ನು ನಿಷೇಧಿಸುವ ಮಾತು ಬರೆದು, ಇದ್ದಕ್ಕಿದ್ದಂತೆ ಮಾತೆಲ್ಲ ಆಂಜನೇಯನ ಸುತ್ತ ತಿರುಗುವ ಹಾಗೆ ಮಾಡಿಕೊಂಡಿತು. ಎರಡೇ ದಿನದಲ್ಲಿ ಶಿವಕುಮಾರ್ ಆಂಜನೇಯ ದೇವಸ್ಥಾನ ಕಟ್ಟಿಸುವ ಮಾತಾಡಿದರು. ನಡುವಿನವರು ಗಾಬರಿ ಆಗದ ಹಾಗೆ ನೋಡಿಕೊಳ್ಳುವುದು ಅಂದರೆ ಇದೇ, ನೋಡುವುದಕ್ಕೆ ಸ್ವಲ್ಪ ನಗು ಬರುತ್ತದೆ.

ನಿಮ್ಮ ವೋಟು ಬೇಕಾ ಅಂತ ಕೇಳಿದಿರಲ್ಲ. ಬೂತ್ ಮಟ್ಟದಲ್ಲಿ ಮತದಾರರ ಪಟ್ಟಿ ಹಿಡಿದು ಕೂತಾಗ ಪ್ರತಿ ಹೆಸರಿನ ಮುಂದೆ ಒಂದು ಗುರುತು ಹಾಕುತ್ತೇವೆ. ನಮ್ಮದು ಅಂದರೆ ಟಿಕ್, ಅವರದ್ದು ಅಂದರೆ ಇಂಟು, ಗೊತ್ತಿಲ್ಲ ಅಂದರೆ ಪ್ರಶ್ನೆ ಚಿಹ್ನೆ. ಟಿಕ್ ಹಾಕಿದ ಮನೆಗೆ ಒಂದು ಸಲ ಹೋಗುತ್ತೇವೆ, ಇಂಟು ಹಾಕಿದ ಮನೆಗೆ ಹೋಗುವುದೇ ಇಲ್ಲ, ಪ್ರಶ್ನೆ ಚಿಹ್ನೆ ಇದ್ದ ಮನೆಗೆ ಮೂರು ಸಲ. ಅಭ್ಯರ್ಥಿ ಊರಿಗೆ ಬಂದಾಗ ಅವರನ್ನು ಕರೆದುಕೊಂಡು ಹೋಗುವುದೂ ಅಲ್ಲಿಗೇ. 2018ರಲ್ಲಿ ನಮ್ಮ ಬೂತಿನ ಪಟ್ಟಿಯಲ್ಲಿ ನನ್ನ ಹೆಂಡತಿಯ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಇತ್ತು. ಹಾಕಿದ್ದು ನಾನೇ. ಮನೆಯಲ್ಲಿ ಕೇಳಿ ನೋಡಿದೆ, ಅವಳು ಇವತ್ತಿನವರೆಗೂ ಹೇಳಿಲ್ಲ.